ರೆಕ್ಕೆಯ ಹಿಂಬದಿ

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಚಪ್ಪಟೆ ಡಬ್ಬಿ ಇದೆ. ಅದರೊಳಗೆ ತೆಳು ಕಾಗದದಲ್ಲಿ ಸುತ್ತಿಟ್ಟ ಒಂದು ಜೊತೆ ರೆಕ್ಕೆ. ಕಪ್ಪು ಬಟ್ಟೆಯ ಮೇಲೆ ದಾರದಲ್ಲಿ ಮಾಡಿದ ಕಸೂತಿ. ನಡುವೆ ಕಂದು ಎಲೆಗಳ ಹಾರ, ಹಾರದೊಳಗೆ ಆರ್, ಎ, ಎಫ್ ಎಂಬ ಮೂರು ಅಕ್ಷರ, ಮೇಲೊಂದು ಕಿರೀಟ. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನ ಪೈಲಟ್‌ಗಳು ಎಡ ಎದೆಯ ಜೇಬಿನ ಮೇಲೆ ಹೊಲಿಸಿಕೊಳ್ಳುತ್ತಿದ್ದ ಬ್ಯಾಡ್ಜ್. ಇದನ್ನು ನನಗೆ ಮಾರಿದವರು ಜೊತೆಗೊಂದು ಚೀಟಿ ಕೊಟ್ಟಿದ್ದರು. ಚೀಟಿಯಲ್ಲಿ ಇದ್ದದ್ದು ನಾಲ್ಕೇ ಅಂಕಿ: 1918.

ಆ ನಾಲ್ಕು ಅಂಕಿಯ ಬೆನ್ನು ಹತ್ತಿ ನಾನು ಕಳೆದ ಸಂಜೆಗಳನ್ನು ಲೆಕ್ಕ ಹಾಕಿದರೆ ನಾಚಿಕೆ ಆಗುತ್ತದೆ.

ಹಳೆಯ ಪೈಲಟ್ ವಿಂಗ್ಸ್ ಕೂಡಿಡುವ ಹುಚ್ಚು ಹತ್ತಿದ ಹೊಸದರಲ್ಲಿ ನಾನು ಎಲ್ಲರಂತೆ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಇದು ಯಾವ ವರ್ಷದ್ದು? ಈ ಪ್ರಶ್ನೆಗೆ ಉತ್ತರ ಕೊಡೋರು ಬೇಕಾದಷ್ಟು ಜನ ಸಿಗುತ್ತಾರೆ. ಮಾರುವವರು ಕೊಡುತ್ತಾರೆ, ನಮ್ಮ ಆಸೆ ಕೊಡುತ್ತದೆ, ಬ್ಯಾಡ್ಜ್ ಮಾತ್ರ ಕೊಡೋದಿಲ್ಲ. ಅದರ ಮೇಲೆ ವರ್ಷ ಅಚ್ಚಾಗಿರುವುದು ತೀರಾ ಅಪರೂಪ. ಬ್ಯಾಡ್ಜ್ ಹೇಳಬಲ್ಲದ್ದು ಎರಡೇ ಸಂಗತಿ. ಇಂಥ ಕಾಲಕ್ಕಿಂತ ಮೊದಲು ನಾನು ಇರಲು ಸಾಧ್ಯವಿಲ್ಲ, ಇಂಥ ಕಾಲದ ನಂತರ ನನ್ನಂಥದ್ದನ್ನು ಮಾಡಿರಲಾರರು. ಆಚೆಗೊಂದು ಬೇಲಿ, ಈಚೆಗೊಂದು ಬೇಲಿ. ಎರಡು ಬೇಲಿ ಎಷ್ಟು ಹತ್ತಿರ ಬರುತ್ತವೋ ನಮ್ಮ ಅದೃಷ್ಟ ಅಷ್ಟು.

ಮೊದಲ ಬೇಲಿ 1913ರಲ್ಲಿದೆ. ಈ ವರ್ಷ ನನಗೆ ಬಹಳ ಇಷ್ಟ. ಜನವರಿ 27, ಜರ್ಮನಿಯ ಕೈಸರ್ ಎರಡನೇ ವಿಲ್ಹೆಲ್ಮ್‌ನ ಹುಟ್ಟುಹಬ್ಬ. ಅಂದು ಪ್ರಷ್ಯಾದ ಸೇನಾ ಪೈಲಟ್‌ಗಳಿಗೆ ಒಂದು ಬ್ಯಾಡ್ಜ್ ಘೋಷಿಸಿದರು. ಫೆಬ್ರವರಿಯಲ್ಲಿ ಬ್ರಿಟನ್ನಿನ ದೊರೆ ಐದನೇ ಜಾರ್ಜ್ ತಮ್ಮ ದೇಶದ ಆಗಿನ ವಿಮಾನ ದಳ ರಾಯಲ್ ಫ್ಲೈಯಿಂಗ್ ಕೋರ್‌ನ ಬ್ಯಾಡ್ಜ್‌ಗೆ ಒಪ್ಪಿಗೆ ಕೊಟ್ಟರು. ಮೇ ತಿಂಗಳಲ್ಲಿ ಅಮೆರಿಕದ ಸೇನೆಯೂ ತನ್ನ ಪೈಲಟ್‌ಗಳಿಗೆ ಒಂದು ಗುರುತು ಗೊತ್ತು ಮಾಡಿತು. ಐದು ತಿಂಗಳೊಳಗೆ ಮೂರು ದೇಶ. ವಿಮಾನ ಇನ್ನೂ ಕಟ್ಟಿಗೆ, ಬಟ್ಟೆ, ತಂತಿಯ ಗೂಡಾಗಿದ್ದ ಕಾಲ. ಹಾರುವವನು ಸೈನಿಕನೋ, ಸರ್ಕಸ್ಸಿನವನೋ ಎಂದು ಜನ ಅನುಮಾನದಿಂದ ನೋಡುತ್ತಿದ್ದಾಗಲೇ ಮೂರು ಸೇನೆಗಳೂ ಅವನಿಗೆ ಬೇರೆ ಗುರುತು ಬೇಕು ಅಂದುಕೊಂಡವು.

ಆ ಮೂರೂ ಒಂದನ್ನೊಂದು ಹೋಲುವುದಿಲ್ಲ. ಪ್ರಷ್ಯಾದ್ದು ಮೊಟ್ಟೆಯಾಕಾರದ ಹಾರ, ಮೇಲೆ ಕಿರೀಟ, ಒಳಗೆ ಹೊಲ ಗದ್ದೆಗಳ ಮೇಲೆ ಹಾರುತ್ತಿರುವ ಟೌಬೆ ವಿಮಾನ. ಅಮೆರಿಕದ್ದು ಚಿನ್ನದ ಪದಕ. ಮಿಲಿಟರಿ ಏವಿಯೇಟರ್ ಎಂದು ಬರೆದ ಪಟ್ಟಿಯಿಂದ ಒಂದು ಹದ್ದು ತೂಗುತ್ತಿರುತ್ತದೆ. ಹದ್ದಿನ ಉಗುರುಗಳಲ್ಲಿ ಎರಡು ಪುಟ್ಟ ಬಾವುಟ. ಬಾವುಟ ಯಾಕೆ ಅಂದರೆ ಆಗ ಅಲ್ಲಿನ ವಿಮಾನಗಳು ಸಂದೇಶ ಸಾಗಿಸುವ ಸಿಗ್ನಲ್ ಕೋರ್‌ನ ಸುಪರ್ದಿಯಲ್ಲಿದ್ದವು. ಹಾಗಾಗಿ ಸಿಗ್ನಲ್ ಬಾವುಟಗಳೇ ಬ್ಯಾಡ್ಜಿಗೂ ಬಂದವು. ನಾವು ಇವತ್ತು ಪೈಲಟ್ ವಿಂಗ್ಸ್ ಅಂದ ತಕ್ಷಣ ಕಣ್ಣ ಮುಂದೆ ಬರುವ ಆಕಾರ, ಎರಡೂ ಕಡೆ ಚಾಚಿದ ರೆಕ್ಕೆ, ಆ ಮೂರರಲ್ಲಿ ಬ್ರಿಟನ್ನಿನದು ಮಾತ್ರ. ಅದನ್ನು ರೂಪಿಸಿದವರು ಡೇವಿಡ್ ಹೆಂಡರ್ಸನ್ ಮತ್ತು ಫ್ರೆಡರಿಕ್ ಸೈಕ್ಸ್ ಎಂಬ ಇಬ್ಬರು ಸೇನಾಧಿಕಾರಿಗಳು. ಆರಿಸಿಕೊಂಡಿದ್ದು ಹದ್ದಿನ ರೆಕ್ಕೆಯನ್ನಲ್ಲ, ಸ್ವಿಫ್ಟ್ ಹಕ್ಕಿಯದ್ದು. ನೆಲಕ್ಕೆ ಇಳಿಯುವುದೇ ಅಪರೂಪ ಎನ್ನುವಂಥ ಆ ಪುಟ್ಟ ಹಕ್ಕಿಯನ್ನು ಆರಿಸಿದವರ ತಲೆಗೆ ಒಂದು ಸಲಾಮು.

ನನ್ನ ಡಬ್ಬಿಯ ಬ್ಯಾಡ್ಜಿಗೆ ವಾಪಸ್ ಬರೋಣ. ಅದರಲ್ಲಿ ಮೊದಲ ಬೇಲಿ ಸುಲಭ. ರಾಯಲ್ ಫ್ಲೈಯಿಂಗ್ ಕೋರ್ ಇದ್ದಾಗ ಹಾರದೊಳಗೆ ಆರ್‌ಎಫ್‌ಸಿ ಎಂದಿರುತ್ತಿತ್ತು. 1918ರ ಏಪ್ರಿಲ್ 1ರಂದು ಅದೂ, ನೌಕಾಪಡೆಯ ವಿಮಾನ ವಿಭಾಗವೂ ಸೇರಿ ರಾಯಲ್ ಏರ್ ಫೋರ್ಸ್ ಆಯಿತು. ಅಕ್ಷರ ಬದಲಾಯಿತು. ಹಾಗಾಗಿ ಆರ್‌ಎಎಫ್ ಎಂದಿರುವ ಬ್ಯಾಡ್ಜ್ ಆ ದಿನಕ್ಕಿಂತ ಹಳೆಯದಾಗಿರಲಾರದು. ಚೀಟಿ ಬರೆದವರು ಇಷ್ಟು ನೋಡಿ ನೇರ 1918 ಎಂದು ಬರೆದುಬಿಟ್ಟರು ಅನಿಸುತ್ತದೆ. ಒಂದು ಮನೆ 1918ಕ್ಕಿಂತ ಹಳೆಯದಲ್ಲ ಎಂದು ಗೊತ್ತಾದರೆ ಅದು 1918ರಲ್ಲೇ ಕಟ್ಟಿದ್ದು ಎಂದು ಯಾರೂ ಹೇಳುವುದಿಲ್ಲ. ಬ್ಯಾಡ್ಜಿನ ವಿಷಯದಲ್ಲಿ ಮಾತ್ರ ಎಲ್ಲರೂ ಹಾಗೇ ಹೇಳುತ್ತಾರೆ. ನಾನೂ ಹೇಳಿದ್ದೇನೆ.

ಇಲ್ಲಿ ಇನ್ನೊಂದು ತಿರುವು ಇದೆ. ಏಪ್ರಿಲ್ 1ರಂದು ಅಕ್ಷರ ಬದಲಾಯಿತು ಎಂದರೆ ಅಂದು ಬೆಳಿಗ್ಗೆ ಎಲ್ಲ ಪೈಲಟ್‌ಗಳೂ ಹಳೆಯ ರೆಕ್ಕೆ ಕಿತ್ತು ಹೊಸದು ಹೊಲಿಸಿಕೊಂಡರು ಎಂದಲ್ಲ. ಯುದ್ಧ ನಡೆಯುತ್ತಿತ್ತು. ಇದ್ದ ಸಮವಸ್ತ್ರ ಸವೆಯುವ ತನಕ ಹಾಕಿಕೊಂಡರು, ಹಳೆಯ ರೆಕ್ಕೆಗಳ ಮೇಲೆ ಪ್ರೀತಿ ಇದ್ದವರು ಹಾಗೇ ಉಳಿಸಿಕೊಂಡರು. ಆದ್ದರಿಂದ ಬ್ಯಾಡ್ಜ್ ಹುಟ್ಟಿದ ಕಾಲ ಬೇರೆ, ಅದನ್ನು ಎದೆಯ ಮೇಲೆ ಹೊತ್ತ ಕಾಲ ಬೇರೆ. ಫೋಟೋ ಇಟ್ಟುಕೊಂಡು ಕಾಲ ಹೇಳುವವರು ಜಾಸ್ತಿ ಎಡವುವುದು ಇಲ್ಲೇ.

ಅಕ್ಷರಗಳು ಕೆಲವೊಮ್ಮೆ ಎರಡೂ ಬೇಲಿಗಳನ್ನು ಒಟ್ಟಿಗೆ ಹಾಕಿಕೊಡುತ್ತವೆ. ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಅದರ ಹೆಸರಿಗೆ ರಾಯಲ್ ಎಂಬ ಪದ ಸೇರಿದ್ದು 1945ರ ಮಾರ್ಚ್‌ನಲ್ಲಿ. ಅದು ಬಿದ್ದುಹೋದದ್ದು 1950ರ ಜನವರಿ 26ರಂದು, ದೇಶ ಗಣರಾಜ್ಯವಾದ ದಿನ. ಹಾಗಾಗಿ ಆರ್‌ಐಎಎಫ್ ಎಂಬ ನಾಲ್ಕು ಅಕ್ಷರ, ಮೇಲೆ ದೊರೆಯ ಕಿರೀಟ ಇರುವ ರೆಕ್ಕೆಗೆ ಐದು ವರ್ಷವೂ ತುಂಬದ ಕಿಂಡಿ. ಆ ಕಿಂಡಿಯೊಳಗೆ ಮಹಾಯುದ್ಧದ ಕೊನೆ, ಸ್ವಾತಂತ್ರ್ಯ, ವಿಭಜನೆ, ಕಾಶ್ಮೀರದ ಯುದ್ಧ ಎಲ್ಲವೂ ಬಂದುಹೋಗಿವೆ. ದೊರೆಯ ಕಿರೀಟ ಎದೆಯ ಮೇಲೆ ಇಟ್ಟುಕೊಂಡೇ ಸ್ವತಂತ್ರ ದೇಶದ ಪೈಲಟ್‌ಗಳು ಹಾರುತ್ತಿದ್ದ ಎರಡೂವರೆ ವರ್ಷ ಅದು. ಮೊದಲ ಸಲ ಈ ಲೆಕ್ಕ ಹೊಳೆದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಈಗ ಕಿರೀಟ. ಬ್ರಿಟನ್ ಮತ್ತು ಅದರ ಕಾಮನ್‌ವೆಲ್ತ್ ದೇಶಗಳ ರೆಕ್ಕೆಗಳಲ್ಲಿ ಎಲ್ಲರೂ ಮೊದಲು ನೋಡುವುದು ಇದನ್ನೇ. 1901ರಿಂದ 1952ರವರೆಗೆ ಗಂಡು ದೊರೆಗಳ ಕಾಲ. ಆಗ ಬಳಸಿದ್ದು ಟ್ಯೂಡರ್ ಕಿರೀಟ. ಅದರ ಕಮಾನುಗಳು ಎರಡೂ ಕಡೆಯಿಂದ ಗುಂಡಗೆ ಮೇಲೇರಿ ಗುಮ್ಮಟದ ಹಾಗೆ ಸೇರುತ್ತವೆ. ಎರಡನೇ ಎಲಿಜಬೆತ್ ಬಂದ ಮೇಲೆ ಸೇಂಟ್ ಎಡ್ವರ್ಡ್ ಕಿರೀಟ ಬಂತು. ಅದರಲ್ಲಿ ಕಮಾನುಗಳು ನಡುವೆ ಬರುತ್ತಿದ್ದಂತೆ ಒಳಕ್ಕೆ ತಗ್ಗುತ್ತವೆ. ಸಂಗ್ರಹಕಾರರ ಬಾಯಲ್ಲಿ ಒಂದು ಕಿಂಗ್ಸ್ ಕ್ರೌನ್, ಇನ್ನೊಂದು ಕ್ವೀನ್ಸ್ ಕ್ರೌನ್. ಗುಂಡಗಿದ್ದರೆ 1953ಕ್ಕಿಂತ ಹಳೆಯದು, ತಗ್ಗಿದ್ದರೆ ಹೊಸದು. ಎಷ್ಟೋ ವರ್ಷ ಈ ಒಂದು ಸೂತ್ರ ಕಣ್ಣು ಮುಚ್ಚಿ ನಂಬಬಹುದಾಗಿತ್ತು.

ಈಗ ಅದೂ ಕೈಕೊಟ್ಟಿದೆ. 2022ರಲ್ಲಿ ಪಟ್ಟಕ್ಕೆ ಬಂದ ಮೂರನೇ ಚಾರ್ಲ್ಸ್ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡರು. ಅಂದರೆ ಇನ್ನು ಮುಂದೆ ಗುಂಡಗಿನ ಕಿರೀಟ ಇರುವ ಬ್ಯಾಡ್ಜ್ 1940ರದ್ದೂ ಇರಬಹುದು, ಹೋದ ವರ್ಷದ್ದೂ ಇರಬಹುದು. ಇವತ್ತಿಗೆ ಬಟ್ಟೆ ನೋಡಿದರೆ ಹೊಸದು ಹಳೆಯದು ಗೊತ್ತಾಗುತ್ತದೆ ಬಿಡಿ. ಇನ್ನು ಐವತ್ತು ವರ್ಷ ಕಳೆಯಲಿ, ನಮ್ಮ ಮೊಮ್ಮಕ್ಕಳ ಕಾಲದ ಸಂಗ್ರಹಕಾರರ ಪಾಡು ನೆನೆದರೆ ನನಗೆ ಕನಿಕರವೂ ಬರುತ್ತದೆ, ಸ್ವಲ್ಪ ನಗುವೂ ಬರುತ್ತದೆ.

ಅಮೆರಿಕದ ರೆಕ್ಕೆಗಳ ಜಗತ್ತೇ ಬೇರೆ. ಅಲ್ಲಿ ದೊರೆ ಇಲ್ಲ, ಕಿರೀಟ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಿಂದ, ಪದಕದ ಜಾಗಕ್ಕೆ ರೆಕ್ಕೆ ಬಂತು. ನಡುವೆ ಒಂದು ಗುರಾಣಿ, ಗುರಾಣಿಯ ಮೇಲೆ ಯು ಮತ್ತು ಎಸ್ ಅಕ್ಷರ. ಹೆಚ್ಚಿನವು ಬೆಳ್ಳಿ ಜರಿಯ ಕಸೂತಿ, ಕೆಲವನ್ನು ಒಡವೆ ಮಾಡುವವರು ಲೋಹದಲ್ಲಿ ಮಾಡಿಕೊಟ್ಟರು. ಒಂದರಂತೆ ಇನ್ನೊಂದು ಇರೋದಿಲ್ಲ. 1919ರ ಹೊತ್ತಿಗೆ ಅಕ್ಷರ ಬಿಟ್ಟ ಸರಳ ಗುರಾಣಿಯ ವಿನ್ಯಾಸ ಗಟ್ಟಿಯಾಯಿತು. ಆಮೇಲೆ ಆ ವಾಯುದಳದ ಹೆಸರು ಬದಲಾಗುತ್ತಲೇ ಹೋಯಿತು. 1926ರಲ್ಲಿ ಏರ್ ಕೋರ್, 1941ರಲ್ಲಿ ಆರ್ಮಿ ಏರ್ ಫೋರ್ಸಸ್, 1947ರಲ್ಲಿ ಸ್ವತಂತ್ರ ಏರ್ ಫೋರ್ಸ್. ಪೈಲಟ್ ರೆಕ್ಕೆಯ ಮುಖ ಮಾತ್ರ ಹೆಚ್ಚುಕಡಿಮೆ ಅದೇ. ಮುಖ ನೋಡಿ ಹೇಳೋದು ಕಷ್ಟವಾದಾಗ ತಿರುಗಿಸಿ ನೋಡಲೇಬೇಕು.

ಹಿಂಬದಿಯನ್ನು ಯಾರೂ ತೋರಿಸಲಿಕ್ಕೆಂದು ಮಾಡಿರುವುದಿಲ್ಲ. ಅದಕ್ಕೇ ಅದು ನಿಜ ಹೇಳುತ್ತದೆ. ಎರಡನೇ ಮಹಾಯುದ್ಧದ ಅಮೆರಿಕನ್ ರೆಕ್ಕೆಯನ್ನು ಮಗುಚಿದರೆ ಹೆಚ್ಚಾಗಿ ಕಾಣುವ ಪದ ಸ್ಟರ್ಲಿಂಗ್. ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲಕ್ಷಾಂತರ ಜನರಿಗೆ ಹಂಚುವ ಬ್ಯಾಡ್ಜಿಗೆ ಬೆಳ್ಳಿ ಯಾಕೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ ಯುದ್ಧದ ಲೆಕ್ಕದಲ್ಲಿದೆ. ತಾಮ್ರ ತೋಟೆಗಳಿಗೆ ಬೇಕಿತ್ತು, ನಿಕ್ಕಲ್ ರಕ್ಷಾಕವಚಕ್ಕೆ ಬೇಕಿತ್ತು. ಬೆಳ್ಳಿ ಮಾತ್ರ ಸರ್ಕಾರದ ಖಜಾನೆಯಲ್ಲಿ ರಾಶಿ ಬಿದ್ದಿತ್ತು. ಅದೇ ಕಾಲದಲ್ಲಿ ಅಮೆರಿಕದ ಐದು ಸೆಂಟ್ ನಾಣ್ಯದಿಂದ ನಿಕ್ಕಲ್ ತೆಗೆದು ಶೇಕಡ 35 ಬೆಳ್ಳಿ ಹಾಕಿದರು. ಅಣುಬಾಂಬಿನ ಯೋಜನೆಯಲ್ಲಿ ದೈತ್ಯ ಅಯಸ್ಕಾಂತಗಳಿಗೆ ಸುತ್ತಲು ತಾಮ್ರ ಸಿಗದೆ 13 ಸಾವಿರ ಟನ್‌ಗೂ ಮಿಕ್ಕಿ ಬೆಳ್ಳಿಯನ್ನು ಖಜಾನೆಯಿಂದ ಕಡ ತಂದರು. ಹುಡುಗನೊಬ್ಬನ ಎದೆಯ ಮೇಲಿನ ಬೆಳ್ಳಿ ರೆಕ್ಕೆಗೂ ಆ ಅಯಸ್ಕಾಂತಕ್ಕೂ ಇದ್ದ ಕೊರತೆ ಒಂದೇ.

ಜರ್ಮನಿಯ ಕಡೆ ಇದೇ ಕೊರತೆ ಉಲ್ಟಾ ಕಾಣುತ್ತದೆ. 1935ರಲ್ಲಿ ಬಂದ ಲುಫ್ಟ್‌ವಾಫೆಯ, ಅಂದರೆ ಜರ್ಮನ್ ವಾಯುಪಡೆಯ, ಪೈಲಟ್ ಬ್ಯಾಡ್ಜ್, ಹಾರದೊಳಗೆ ಸ್ವಸ್ತಿಕ ಹಿಡಿದು ಎರಗುವ ಹದ್ದು, ಮೊದಮೊದಲು ಒಳ್ಳೆಯ ಲೋಹದಲ್ಲಿ ಬರುತ್ತಿತ್ತು. ತಾಮ್ರ ಹೆಚ್ಚಿರುವ ಟಾಂಬಾಕ್, ಜರ್ಮನ್ ಸಿಲ್ವರ್, ಹೀಗೆ. ಯುದ್ಧ ಎಳೆದಂತೆ ಸತು ಬಂತು. ಸತುವಿನ ಮೇಲಿನ ಬೆಳ್ಳಿ ಲೇಪ ಬೇಗ ಹಾರಿಹೋಗಿ ಬೂದು ಬಣ್ಣಕ್ಕೆ ತಿರುಗುತ್ತದೆ, ಮೈಮೇಲೆ ಗುಳ್ಳೆ ಏಳುತ್ತದೆ. ಹಾಗಾಗಿ ಕೊಳಕಾಗಿ ಕಾಣುವ ಬ್ಯಾಡ್ಜ್ ಹಳೆಯದು, ಚೆನ್ನಾಗಿರುವುದು ಹೊಸದು ಎಂಬ ನಮ್ಮ ಸಹಜ ಲೆಕ್ಕ ಇಲ್ಲಿ ತಲೆಕೆಳಗು. ಇದೇ ಬ್ಯಾಡ್ಜ್ ಸ್ವಸ್ತಿಕ ಇಲ್ಲದೆ ಕಂಡರೆ ಅದನ್ನು ಯಾರೋ ಉಜ್ಜಿ ಹಾಕಿದ್ದಾರೆ ಅಂದುಕೊಳ್ಳಬೇಡಿ. ಪಶ್ಚಿಮ ಜರ್ಮನಿ 1957ರಲ್ಲಿ ಕಾನೂನು ಮಾಡಿ, ಹಳೆಯ ಪದಕಗಳನ್ನು ಸ್ವಸ್ತಿಕ ತೆಗೆದ ರೂಪದಲ್ಲಿ ಧರಿಸಬಹುದು ಎಂದಿತು. ಅದಕ್ಕಾಗಿಯೇ ಹೊಸದಾಗಿ ಅಚ್ಚು ಹಾಕಿದವು ಅವು. ಜರ್ಮನ್ ಬ್ಯಾಡ್ಜ್‌ಗಳ ನಕಲು ಎಷ್ಟು ಹೆಚ್ಚಾಗಿದೆ ಎಂದರೆ ನಾನು ಆ ಕಡೆ ಕಾಲಿಡುವುದನ್ನೇ ಬಿಟ್ಟಿದ್ದೇನೆ. ಇದು ಭಯ ಅನ್ನಿ, ಬುದ್ಧಿ ಅನ್ನಿ.

ಹಿಂಬದಿಯಲ್ಲಿ ಇನ್ನೊಂದು ಸಾಕ್ಷಿ ಪಿನ್ನು. ಹಳೆಯ ರೆಕ್ಕೆಗಳಲ್ಲಿ ಸೀರೆ ಪಿನ್ನಿನಂತೆ ಉದ್ದದ ಸೂಜಿ, ಒಂದು ತುದಿಗೆ ಕೀಲು, ಇನ್ನೊಂದಕ್ಕೆ ಕೊಕ್ಕೆ. 1940ರ ದಶಕದ ಆರಂಭದಿಂದ ಕ್ಲಚ್ ಬಂತು. ಎರಡು ಚಿಕ್ಕ ಮೊಳೆ, ಬಟ್ಟೆಯ ಹಿಂದಿನಿಂದ ಅದಕ್ಕೆ ಒತ್ತಿ ಕೂರಿಸುವ ಎರಡು ಬಿಲ್ಲೆ. ಯುದ್ಧದ ಕಾಲದಲ್ಲಿ ಎರಡೂ ಬಗೆ ಜೊತೆಜೊತೆಗೆ ನಡೆದವು. ಆದರೆ ಮೊದಲ ಮಹಾಯುದ್ಧದ್ದು ಎನ್ನುವ ರೆಕ್ಕೆಯ ಹಿಂದೆ ಕ್ಲಚ್ ಕಂಡರೆ ಮಾತು ಅಲ್ಲಿಗೆ ಮುಗಿಯಿತು. ಒಂದೋ ಅದು ಆ ಕಾಲದ್ದಲ್ಲ, ಇಲ್ಲಾ ಯಾರೋ ಆಮೇಲೆ ರಿಪೇರಿ ಮಾಡಿದ್ದಾರೆ. ರಿಪೇರಿ ಮಾಡಿದ್ದರೆ ಹಳೆಯ ಕೀಲು ಕಿತ್ತ ಜಾಗದಲ್ಲಿ ಬೆಸುಗೆಯ ಗಾಯ ಉಳಿದಿರುತ್ತದೆ. ಅದನ್ನು ಹುಡುಕಬೇಕು.

ಮಾಡಿದವರ ಗುರುತೂ ಅಲ್ಲೇ. ಎನ್.ಎಸ್. ಮೇಯರ್, ಆಮ್‌ಕ್ರಾಫ್ಟ್, ಲಕ್ಸೆನ್‌ಬರ್ಗ್, ಬ್ರಿಟನ್ನಿನ ಗಾಂಟ್, ಹೀಗೆ. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಪೂರ್ತಿ ಹೆಸರಿನ ಬದಲು ಸಂಖ್ಯೆ ಮತ್ತು ಅಕ್ಷರದ ಸಂಕೇತ ಹಾಕುವ ಪದ್ಧತಿ ಬಂತು. ಮೇಯರ್‌ಗೆ 9ಎಂ. ಈ 9ಎಂ ಇರುವ ರೆಕ್ಕೆಯನ್ನು ಜರ್ಮನಿಯ ಮೇಲೆ ಬಾಂಬ್ ಹಾಕಿದವನದ್ದು ಎಂದು ಯಾರಾದರೂ ಹೇಳಿದರೆ ಅದು ಕಾಗಕ್ಕ ಗುಬ್ಬಕ್ಕನ ಕಥೆ. ಬ್ಯಾಡ್ಜ್ ಮಾತ್ರ ಅಸಲಿಯೇ. ಕಥೆ ಸುಳ್ಳು. ಈ ಹವ್ಯಾಸದಲ್ಲಿ ಅಪ್ಪಟ ನಕಲಿಗಿಂತ ಜಾಸ್ತಿ ಸಿಗುವುದು ಇಂಥದ್ದೇ, ಅಸಲಿ ಬ್ಯಾಡ್ಜಿಗೆ ಅಂಟಿಸಿದ ಸುಳ್ಳು ಕಥೆ.

ಮುಂಬದಿಯಲ್ಲೂ ಕಾಲ ಹೇಳುವ ಚಿಕ್ಕ ಚಿಕ್ಕ ಗುರುತು ಇವೆ. ಎರಡನೇ ಮಹಾಯುದ್ಧದ ಅವಸರದಲ್ಲಿ ಅಮೆರಿಕದ ಗುರಾಣಿಯ ಮೇಲೆ ಜಿ, ಎಲ್, ಎಸ್ ಅಕ್ಷರದ ರೆಕ್ಕೆಗಳು ಹುಟ್ಟಿಕೊಂಡವು. ಜಿ ಅಂದರೆ ಗ್ಲೈಡರ್, ಎಲ್ ಅಂದರೆ ತುಕಡಿಗಳ ನಡುವೆ ಸಂಪರ್ಕಕ್ಕೆ ಹಾರುವ ಲಿಯೇಸಾನ್, ಎಸ್ ಅಂದರೆ ಕಾಳಗ ಬಿಟ್ಟು ಉಳಿದ ಹಾರಾಟ ನೋಡಿಕೊಳ್ಳುವ ಸರ್ವಿಸ್ ಪೈಲಟ್. ಎಂಜಿನ್ನೇ ಇಲ್ಲದ ವಿಮಾನವನ್ನು ಶತ್ರುವಿನ ಹೊಲದಲ್ಲಿ ಇಳಿಸುತ್ತಿದ್ದ ಗ್ಲೈಡರ್‌ನವರು, ಜಿ ಅಂದರೆ ಗಟ್ಸ್ ಎಂದು ಹೇಳಿಕೊಳ್ಳುತ್ತಿದ್ದರು. ಹೇಳಿಕೊಳ್ಳಲಿ, ಅವರಿಗೆ ಆ ಹಕ್ಕಿತ್ತು. ಮಹಿಳಾ ಪೈಲಟ್‌ಗಳ ದಳ ವಾಸ್ಪ್‌ನ ರೆಕ್ಕೆಯಲ್ಲಿ ಗುರಾಣಿಯ ಜಾಗಕ್ಕೆ ವಜ್ರದ ಆಕಾರದ ಫಲಕ ಬಂತು. 1944ರ ಡಿಸೆಂಬರ್‌ನಲ್ಲಿ ಆ ದಳವನ್ನೇ ಮುಚ್ಚಿದರು. ತರಬೇತಿ ಮುಗಿಸಿದವರು ಒಟ್ಟು 1,074 ಮಂದಿ. ಮಾರಾಟಕ್ಕೆ ಬಂದಿರುವ ವಾಸ್ಪ್ ರೆಕ್ಕೆಗಳನ್ನೆಲ್ಲ ಎಣಿಸಿದರೆ ಅಷ್ಟು ಜನರೂ ಹತ್ತತ್ತು ಜೊತೆ ಇಟ್ಟುಕೊಂಡಿದ್ದರೇನೋ ಅನಿಸುತ್ತದೆ.

ಎಲ್ಲಕ್ಕಿಂತ ಅಚ್ಚುಕಟ್ಟು ಪೋಲೆಂಡಿನವರದ್ದು. ಎರಗುವ ಹದ್ದು, ಕೊಕ್ಕಿನಲ್ಲಿ ಒಂದು ಹಾರ, ಎದೆಗೆ ಸಿಕ್ಕಿಸಲು ಒಂದು ಸರಪಳಿ. ಯುದ್ಧದಲ್ಲಿ ಹಾರಿದವರಿಗೆ ಆ ಹಾರಕ್ಕೆ ಹಸಿರು ಬಣ್ಣ. ಹಿಂದೆ ಸಂಖ್ಯೆ. ಫ್ರಾನ್ಸಿನವರೂ ಹೀಗೆ ಹಿಂದೆ ಸಂಖ್ಯೆ ಕೆತ್ತುತ್ತಾರೆ. ಸಂಖ್ಯೆ ಇದ್ದರೆ ದಾಖಲೆ ಪುಸ್ತಕದಲ್ಲಿ ಮನುಷ್ಯ ಸಿಗುವ ಆಸೆ ಇರುತ್ತದೆ. ಉಳಿದ ದೇಶದವರು ಯಾಕೆ ಇಷ್ಟು ಮಾಡಲಿಲ್ಲ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಇಷ್ಟೆಲ್ಲ ನಿಯಮ ಹೇಳಿದ ಮೇಲೆ, ಯಾವ ನಿಯಮಕ್ಕೂ ಬಗ್ಗದ ಒಂದು ಜಾತಿಯ ಬಗ್ಗೆಯೂ ಹೇಳಬೇಕು. ಚೀನಾ, ಬರ್ಮಾ, ಭಾರತದ ರಣರಂಗಕ್ಕೆ ಬಂದ ಅಮೆರಿಕದ ಪೈಲಟ್‌ಗಳು ತಮ್ಮ ರೆಕ್ಕೆಗಳನ್ನು ಇಲ್ಲಿನ ಅಕ್ಕಸಾಲಿಗರ ಹತ್ತಿರ, ಜರಿ ಕೆಲಸದವರ ಹತ್ತಿರ ಮಾಡಿಸಿಕೊಂಡರು. ಸಂಗ್ರಹಕಾರರು ಇದನ್ನು ಥಿಯೇಟರ್ ಮೇಡ್, ಅಂದರೆ ರಣರಂಗದ ಕಡೆಯಲ್ಲೇ ಮಾಡಿದ್ದು, ಎನ್ನುತ್ತಾರೆ. ಎಡ ರೆಕ್ಕೆಗೆ ಒಂದು ಗರಿ ಜಾಸ್ತಿ, ಗುರಾಣಿಯ ಪಟ್ಟೆ ಸೊಟ್ಟ, ಹಿಂದಿನ ಕೀಲು ಕೈಯಲ್ಲೇ ಮಡಚಿದ್ದು. ಕಾರ್ಖಾನೆಯ ಕಣ್ಣಿಂದ ನೋಡಿದರೆ ಎಲ್ಲವೂ ತಪ್ಪು. ಆದರೆ ಆ ಜರಿ ಎಳೆ ಎಳೆದ ರೀತಿ ನೋಡಿ. ರೇಷ್ಮೆ ಸೀರೆಯ ಸೆರಗು ನೋಡಿ ಬೆಳೆದವರಿಗೆ ಅದು ಪರಿಚಯದ ಕೈ. ಮದುವೆ ಬಟ್ಟೆಗೆ ಹೂಬಳ್ಳಿ ಬಿಡಿಸುತ್ತಿದ್ದ ಕೈಯೊಂದು ಹಿಮಾಲಯದ ಮೇಲೆ ಸರಕು ಸಾಗಿಸುವವನಿಗೆ ಗರಿ ಬಿಡಿಸಿಕೊಟ್ಟಿದೆ. ನನ್ನ ಬಳಿ ಇಂಥದ್ದು ಒಂದಿದೆ. ಅದನ್ನು ಮಾತ್ರ ಎಷ್ಟು ಕೊಟ್ಟರೂ ಕೊಡೋದಿಲ್ಲ.

ಇನ್ನು ನನ್ನ ತಪ್ಪುಗಳ ಸರದಿ.

ಮೊದಲನೆಯದು ಹೇಳಿಕೊಳ್ಳಲೂ ಸಂಕಟ. ಹೊಸದರಲ್ಲಿ ಸಿಕ್ಕ ಒಂದು ಸ್ಟರ್ಲಿಂಗ್ ರೆಕ್ಕೆ ಕಪ್ಪಾಗಿತ್ತು. ಮನೆಯಲ್ಲಿ ಬೆಳ್ಳಿ ದೀಪ ತೊಳೆಯುವ ಹಾಗೆ ಪಾಲಿಶ್ ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಹೆಮ್ಮೆಯಿಂದ ಒಬ್ಬ ಹಿರಿಯ ಸಂಗ್ರಹಕಾರರಿಗೆ ತೋರಿಸಿದೆ. ಅವರು ಕೈಯಲ್ಲಿ ಹಿಡಿದು ತಿರುಗಿಸಿದರು. ಮತ್ತೆ ತಿರುಗಿಸಿದರು. ಏನೂ ಹೇಳದೆ ವಾಪಸ್ ಕೊಟ್ಟರು. ಆ ಮೌನ ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಗರಿಗಳ ಸಂದಿಯಲ್ಲಿ ದಶಕಗಳಿಂದ ಕೂತ ಕಪ್ಪು, ಎತ್ತರದ ಜಾಗದಲ್ಲಿ ಸಮವಸ್ತ್ರದ ಕೋಟಿಗೆ ಉಜ್ಜಿ ಉಜ್ಜಿ ಸವೆದ ಹೊಳಪು, ಇವೆರಡರ ನಡುವಿನ ವ್ಯತ್ಯಾಸವೇ ಅದರ ವಯಸ್ಸಿನ ಸಾಕ್ಷಿಯಾಗಿತ್ತು. ನಾನು ಹತ್ತು ನಿಮಿಷದಲ್ಲಿ ಅದನ್ನು ಅಳಿಸಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ ಅಂತಾರಲ್ಲ, ಹಾಗೇ ಆಯಿತು.

ಎರಡನೆಯದು ಒಂದು ಗ್ಲೈಡರ್ ರೆಕ್ಕೆ. ಫೋಟೋದಲ್ಲಿ ಬಹಳ ಚೆನ್ನಾಗಿತ್ತು, ಹಿಂದೆ ಸ್ಟರ್ಲಿಂಗ್ ಎಂದೂ ಇತ್ತು. ಕೈಗೆ ಬಂದ ಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಆ ಪದದ ಅಂಚುಗಳು ಕರಗಿದ ಬೆಣ್ಣೆಯ ಹಾಗೆ. ಉಕ್ಕಿನ ಅಚ್ಚಿನಿಂದ ಒತ್ತಿದ ಲೋಹದಲ್ಲಿ ಅಕ್ಷರದ ಅಂಚು ಚಾಕುವಿನಂತೆ ಇರುತ್ತದೆ. ಅಸಲಿಯನ್ನೇ ಅಚ್ಚಾಗಿಟ್ಟು ಎರಕ ಹೊಯ್ದಾಗ ಆ ಚೂಪು ಹೋಗುತ್ತದೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಚಿಕ್ಕ ಗುಳಿಗಳು ಉಳಿಯುತ್ತವೆ. ಇನ್ನೊಂದು ಮಾತು, ಕರಗಿದ ಲೋಹ ತಣ್ಣಗಾದಾಗ ಕುಗ್ಗುತ್ತದೆ. ಹಾಗಾಗಿ ಎರಕದ ನಕಲು ಅದರ ಅಸಲಿಗಿಂತ ಕೂದಲೆಳೆ ಚಿಕ್ಕದು. ಮೂರು ಇಂಚಿನ ರೆಕ್ಕೆಯಲ್ಲಿ ಆ ವ್ಯತ್ಯಾಸ ಒಂದು ಮಿಲಿಮೀಟರ್ ಆಚೀಚೆ. ಅಳತೆ ಸಾಧನ ಇಟ್ಟು ನೋಡಿದೆ, ಸಿಕ್ಕಿಬಿತ್ತು. ಮಾರಿದವರಿಗೆ ಬರೆದೆ. ಉತ್ತರ ಬರಲಿಲ್ಲ. ಈಗ ಅದು ನನ್ನ ಪಾಠದ ಪುಸ್ತಕ. ಹೊಸಬರು ಬಂದರೆ ಮೊದಲು ಅದನ್ನೇ ಕೈಗಿಡುತ್ತೇನೆ. ನಕಲಿ ಮುಟ್ಟಿ ನೋಡದೆ ಅಸಲಿ ಗೊತ್ತಾಗೋದು ಕಷ್ಟ, ಅಲ್ವಾ?

ಮೂರನೆಯ ತಪ್ಪು ಡಬ್ಬಿಯಲ್ಲಿರುವ ಆ ಆರ್‌ಎಎಫ್ ರೆಕ್ಕೆಯದ್ದೇ.

ಬಟ್ಟೆಯ ಬ್ಯಾಡ್ಜಿಗೆ ಹಾಲ್‌ಮಾರ್ಕ್ ಇಲ್ಲ, ಪಿನ್ನಿಲ್ಲ. ಆದ್ದರಿಂದ ಎಲ್ಲರೂ ನೇರಳಾತೀತ ಟಾರ್ಚ್ ಹಿಡಿಯುತ್ತಾರೆ. ಬಟ್ಟೆ ಬೆಳ್ಳಗೆ ಕಾಣಲಿ ಎಂದು ಹಾಕುವ ರಾಸಾಯನಿಕಗಳು ಎರಡನೇ ಮಹಾಯುದ್ಧದ ನಂತರ ಸಾಮಾನ್ಯವಾದವು. ಅವು ಆ ಬೆಳಕಿನಲ್ಲಿ ನೀಲಿಬಿಳಿಯಾಗಿ ಉರಿಯುತ್ತವೆ. ಪಾಲಿಯೆಸ್ಟರ್ ದಾರವೂ 1950ರ ದಶಕದಲ್ಲಿ ಬಳಕೆಗೆ ಬಂದದ್ದು. ಹಳೆಯ ರೇಷ್ಮೆ, ಹಳೆಯ ಹತ್ತಿ ಮಂಕಾಗಿಯೇ ಇರುತ್ತದೆ. ಕೋಣೆಯ ದೀಪ ಆರಿಸಿ ನನ್ನ ರೆಕ್ಕೆಯ ಮೇಲೆ ಟಾರ್ಚ್ ಹಾಕಿದೆ. ಹಿಂದಿನ ಅಸ್ತರಿ ಬಟ್ಟೆ ಹುಣ್ಣಿಮೆ ಚಂದ್ರನ ಹಾಗೆ ಬೆಳಗಿತು. ಎದೆ ಕುಸಿಯಿತು. ನಕಲಿ ಎಂದು ಚೀಟಿ ಬರೆದು, ಪಾಠದ ಪೆಟ್ಟಿಗೆಗೆ ಹಾಕಿ, ಮೂರು ವರ್ಷ ಆ ಕಡೆ ತಿರುಗಿ ನೋಡಲಿಲ್ಲ.

ಮೂರು ವರ್ಷದ ನಂತರ ನನ್ನದೇ ಒಂದು ಹಳೆಯ ಕರವಸ್ತ್ರದ ಮೇಲೆ ಅದೇ ಟಾರ್ಚ್ ಬಿತ್ತು. ಅಜ್ಜನ ಕಾಲದ ಹತ್ತಿ ಬಟ್ಟೆ. ಅದೂ ಹಾಗೇ ಬೆಳಗಿತು. ನಾನು ಅದನ್ನು ಎಷ್ಟೋ ಸಲ ಡಿಟರ್ಜೆಂಟ್ ಹಾಕಿ ಒಗೆದಿದ್ದೆ. ಇವತ್ತಿನ ಸೋಪಿನ ಪುಡಿಯಲ್ಲೂ ಅದೇ ರಾಸಾಯನಿಕ ಇರುತ್ತದೆ, ಒಗೆದ ಬಟ್ಟೆಗೆ ಅಂಟಿಕೊಳ್ಳುತ್ತದೆ. ಟಾರ್ಚ್ ಹೇಳಿದ್ದು ಬಟ್ಟೆಯ ವಯಸ್ಸನ್ನಲ್ಲ, ಅದರ ಕೊನೆಯ ಸ್ನಾನವನ್ನು.

ಪೆಟ್ಟಿಗೆಯಿಂದ ರೆಕ್ಕೆಯನ್ನು ಮತ್ತೆ ಹೊರಗೆ ತೆಗೆದೆ. ಈ ಸಲ ನಿಧಾನವಾಗಿ ನೋಡಿದೆ. ಅಸ್ತರಿ ಮತ್ತು ಅಂಚಿನ ದಾರಗಳು ಬೆಳಗುತ್ತಿದ್ದವು. ರೆಕ್ಕೆಯ ಉಬ್ಬಿನ ಆಳದಲ್ಲಿ, ಗರಿಗಳನ್ನು ಬೆರಳಿನಿಂದ ಸ್ವಲ್ಪ ಸರಿಸಿ ನೋಡಿದರೆ, ಒಳಗಿನ ರೇಷ್ಮೆ ಸತ್ತ ಬೂದಿಯ ಹಾಗೆ ಮಂಕು. ಯಾರೋ ಮೇಲಿಂದ ಮೇಲೆ ಒಗೆದಿದ್ದಾರೆ. ಒಳಗೆ ತುಂಬಿದ ಹತ್ತಿ ಒಂದು ಕಡೆ ಜಾರಿ ಗಂಟಾಗಿದೆ. ಕಿರೀಟ ಗುಂಡಗಿನದು. ಅಂಚಿನ ಸುತ್ತ ಸೂಜಿಯ ತೂತುಗಳು ಎರಡು ಸಾಲು. ಅಂದರೆ ಕನಿಷ್ಠ ಎರಡು ಬಾರಿ ಹೊಲಿದಿದ್ದಾರೆ, ಒಮ್ಮೆ ಬಿಚ್ಚಿ ಇನ್ನೊಂದು ಕೋಟಿಗೆ. ಎಡ ತುದಿಯ ಒಂದು ತೂತಿನಲ್ಲಿ ಉಣ್ಣೆಯ ಮೂರು ಎಳೆ ಸಿಕ್ಕಿಕೊಂಡಿದ್ದವು. ಭೂತಗನ್ನಡಿಯಲ್ಲಿ ಅವುಗಳ ಬಣ್ಣ ಬೂದುನೀಲಿ.

ಬೂದುನೀಲಿ ಅಂದರೆ ಒಂದು ಸುಳಿವು. ಆರ್‌ಎಎಫ್ ಹುಟ್ಟಿದ ವರ್ಷ ಪೈಲಟ್‌ಗಳು ಸೇನೆಯ ಖಾಕಿಯಲ್ಲೇ ಇದ್ದರು. ನಡುವೆ ತಿಳಿನೀಲಿಯ ಸಮವಸ್ತ್ರವೊಂದು ಬಂತು, ಯಾರಿಗೂ ಹಿಡಿಸಲಿಲ್ಲ. ಇವತ್ತಿಗೂ ಇರುವ ಬೂದುನೀಲಿ ಬಂದದ್ದು 1919ರಲ್ಲಿ. ಹಾಗಾದರೆ ಈ ರೆಕ್ಕೆ 1919ರ ನಂತರದ್ದೇ? ಹಾಗೂ ಹೇಳಲಾಗದು. ಎರಡು ಸಾಲು ತೂತು ಇವೆಯಲ್ಲ. ಮೊದಲ ಸಾಲು ಖಾಕಿಯ ಮೇಲೆ ಹೊಲಿದಾಗಿನದ್ದು, ಎರಡನೆಯದು ಬೂದುನೀಲಿಗೆ ಬದಲಾಯಿಸಿದಾಗಿನದ್ದು ಇದ್ದರೂ ಇರಬಹುದು. 1940ರಲ್ಲಿ ಹರಿದ ಕೋಟಿನಿಂದ ಹೊಸ ಕೋಟಿಗೆ ಹೋದದ್ದೂ ಇರಬಹುದು. ಆ ಮೂರು ಎಳೆ ಹೇಳುವುದು ಇಷ್ಟೇ, ಈ ರೆಕ್ಕೆ ಒಮ್ಮೆ ನೀಲಿ ಕೋಟಿನ ಮೇಲೆ ಇತ್ತು.

ಎಳೆಗಳನ್ನು ಕೀಳಲಿಲ್ಲ. ಕೈ ಹೋಗಿತ್ತು, ಆ ಹಿರಿಯರ ಮೌನ ನೆನಪಾಯಿತು. ಡಬ್ಬಿಯೊಳಗೆ ಹಾಗೇ ಮಲಗಿಸಿ, 1918ರ ಚೀಟಿಯನ್ನೂ, ನನ್ನ ನಕಲಿ ಎಂಬ ಚೀಟಿಯನ್ನೂ ಅಡಿಗೆ ಸೇರಿಸಿದೆ. ಮೇಲೊಂದು ಹೊಸ ಚೀಟಿ ಇಟ್ಟೆ. ಪೆನ್ಸಿಲ್‌ನಲ್ಲೇ ಬರೆದೆ, ನಾಳೆ ಯಾರಿಗಾದರೂ ಅಳಿಸಬೇಕಾಗಬಹುದು. 1918ರ ಏಪ್ರಿಲ್ ನಂತರ, 1953ರ ಮೊದಲು. ಎರಡು ಸಲ ಹೊಲಿದದ್ದು. ಯಾರೋ ಒಗೆದಿದ್ದಾರೆ.